ಬಾಯಮ್ಮನ ಪೋಡಿ

ಮಣ್ಣಗುಡ್ಡದ ನಮ್ಮ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಒಂದು ಬಾಗಿಲ ಹೊರಗೆ ಬೆತ್ತದ ಬುಟ್ಟಿಯೊಂದು ಇದೆ. ಚಪ್ಪಲಿ ಬಿಚ್ಚಿ ಆ ಬುಟ್ಟಿಗೆ ಹಾಕದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಗ್ಯಾಸ್ ತರುವವನು, ಕೇಬಲ್ಲಿನವನು, ಕಡೆಗೆ ಮನೆ ಆಶೀರ್ವದಿಸಲು ಬಂದ ಇಗರ್ಜಿಯ ಫಾದರ್ ಕೂಡ ಒಂದು ಕಾಲಲ್ಲಿ ನಿಂತು ಬೂಟಿನ ಲೇಸು ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆಯ ಬಾಯಮ್ಮ ಬಹಳ ಕಾಲ ಬೋಟಿನಲ್ಲಿದ್ದವರು, ಬೋಟಿಗೆ ಚಪ್ಪಲಿ ಹಾಕಿಕೊಂಡು ಹತ್ತುವ ಕ್ರಮ ಇಲ್ಲವಂತೆ. ಇದು ಬೋಟಲ್ಲ ಬಾಯಮ್ಮ, ಸಿಮೆಂಟಿನ ಕಟ್ಟಡ ಎಂದು ನಾನೊಮ್ಮೆ ನೆನಪು ಮಾಡಿದೆ. ಅವರು ನಕ್ಕರು, ಬುಟ್ಟಿಯನ್ನು ಕಾಲಿನಿಂದ ನನ್ನತ್ತ ಸರಿಸಿದರು. ಬಾಯಮ್ಮ ತೀರಿಕೊಂಡು ಈಗ ಕೆಲವು ತಿಂಗಳಾಯಿತು. ಬುಟ್ಟಿ ಅಲ್ಲೇ ಇದೆ.

ತುಳು ಮಾತಾಡುವ ನಾವು ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುತ್ತೇವೆ. ಇವರಿಗೂ ಒಂದು ಚೆಂದದ ಹೆಸರಿತ್ತು, ಆದರೆ ಅದನ್ನು ಬರೆಯುವುದಿಲ್ಲ. ಗೆಸ್ಟುಗಳಿಗೆ ನಮ್ಮ ಹೆಸರು ನೆನಪಿರಬೇಕಂತ ಇಲ್ಲ, ಊಟ ನೆನಪಿದ್ದರೆ ಸಾಕು ಎನ್ನುವುದು ಅವರ ತತ್ವವಾಗಿತ್ತು. ಗೆಸ್ಟುಗಳೆಂದರೆ ಅವರ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರನ್ನು ಬಿಟ್ಟು ಉಳಿದ ಇಡೀ ಪ್ರಪಂಚ.

ವಾಮಂಜೂರಿನ ಗದ್ದೆ ಬದುವಿನಲ್ಲಿ ಬೆಳೆದ ಈ ಹೆಂಗಸು ಕೆರಿಬಿಯನ್ ಸಮುದ್ರದಲ್ಲಿ ಹಾಯಿದೋಣಿಯೊಂದರ ಮೇಲೆ ವರ್ಷಗಟ್ಟಲೆ ಸಂಸಾರ ಮಾಡಿದ್ದು ಹೇಗೆಂದು ಎಲ್ಲರೂ ಕೇಳುತ್ತಿದ್ದರು. ಮೊದಲು ಬಹರೈನಿನ ಹೋಟೆಲಿನಲ್ಲಿ ಅಡುಗೆ, ಅಲ್ಲಿ ಹಡಗಿನಿಂದ ಇಳಿದ ನಮ್ಮೂರಿನವರೇ ಒಬ್ಬರ ಪರಿಚಯ, ಮದುವೆ. ಗಂಡ ಕೆಲವು ಕಾಲ ಶ್ರೀಮಂತರ ಹಾಯಿದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಮಾಡಿದರು, ಪರೀಕ್ಷೆಗಳನ್ನು ಪಾಸು ಮಾಡಿ ಕ್ಯಾಪ್ಟನ್ ಆದರು. ಅಲ್ಲಿನ ಚಾರ್ಟರ್ ದೋಣಿಗಳದ್ದು ಒಂದು ವಿಚಿತ್ರ ಕ್ರಮ. ಅಮೆರಿಕದವರೋ ಯುರೋಪಿನವರೋ ಒಂದು ವಾರಕ್ಕೆ ಇಡೀ ದೋಣಿಯನ್ನು ಬಾಡಿಗೆಗೆ ಹಿಡಿಯುತ್ತಾರೆ, ದೋಣಿಯ ಜೊತೆಗೆ ಕೆಲಸದವರೂ ಬರುತ್ತಾರೆ. ಆ ಕೆಲಸಕ್ಕೆ ಮಾಲೀಕರು ಹುಡುಕುವುದು ಗಂಡ ಹೆಂಡತಿಯನ್ನು. ಒಬ್ಬರು ದೋಣಿ ನಡೆಸಬೇಕು, ಇನ್ನೊಬ್ಬರು ಅಡುಗೆ ಮಾಡಬೇಕು, ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಬೇಕು, ಏಕೆಂದರೆ ಕೆಲಸದವರಿಗೆಂದು ಇರುವುದು ಒಂದೇ ಹಾಸಿಗೆ.

ಆ ಹಾಸಿಗೆಯ ಬಗ್ಗೆ ಬಾಯಮ್ಮ ತಮಾಷೆಯಾಗಿ ಹೇಳುತ್ತಿದ್ದರು. ದೋಣಿಯ ತೀರಾ ಮೂತಿಯಲ್ಲಿ, ಮೇಲಿನಿಂದ ಮುಚ್ಚಳ ತೆಗೆದು ಇಳಿಯಬೇಕಾದ ಗೂಡು. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರೂ ಬದಲಿಸಬೇಕು. ಗೆಸ್ಟುಗಳಿಗೆ ಮಾತ್ರ ನಾಲ್ಕು ಕೋಣೆ, ನಾಲ್ಕು ಸ್ನಾನದ ಮನೆ. ನೀವು ಸ್ವರ್ಗದಲ್ಲಿ ಬದುಕುತ್ತೀರಿ ಎಂದು ಪ್ರತಿ ವಾರ ಯಾರಾದರೊಬ್ಬರು ಅವರಿಗೆ ಹೇಳುತ್ತಿದ್ದರಂತೆ. ಅವರು ಹೌದು ಹೌದು ಎಂದು ನಗುತ್ತಿದ್ದರಂತೆ.

"ಸ್ವರ್ಗದಲ್ಲಿಯೂ ಪಾತ್ರೆ ತೊಳಿಲಿಕ್ಕೆ ಜನ ಬೇಕಲ್ವಾ ಟೀಚರ್" ಎಂದರು ನನ್ನ ಹತ್ತಿರ.

ಬಲ್ಮಠದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಆ ಒಂದೇ ಕಾರಣಕ್ಕೆ ಗಂಡ ಹೆಂಡತಿ ಇಬ್ಬರೂ ನನ್ನೊಡನೆ ಪಟ್ಟು ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದರು. ತುಳುವಿನಲ್ಲಿ ಮಾತಾಡಿ ಎಂದರೂ ಕೇಳುತ್ತಿರಲಿಲ್ಲ. ಅವರವರ ನಡುವೆ ಕೊಂಕಣಿ. ಕೊರೊನಾ ಬಂದು ಚಾರ್ಟರ್ ಎಲ್ಲ ನಿಂತ ಮೇಲೆ ಊರಿಗೆ ಮರಳಿ, ನಮ್ಮ ನೆತ್ತಿಯ ಮೇಲಿನ ಫ್ಲ್ಯಾಟು ಕೊಂಡವರು ಅವರು. ಮಕ್ಕಳಿರಲಿಲ್ಲ. ದೋಣಿಯಲ್ಲಿ ಜಾಗವಿರಲಿಲ್ಲ ಎಂದು ಒಮ್ಮೆ ಹೇಳಿ, ಅದರ ಬಗ್ಗೆ ಮತ್ತೆಂದೂ ಬಾಯಮ್ಮ ಮಾತೆತ್ತಲಿಲ್ಲ. ನಾನೂ ಕೆದಕಲಿಲ್ಲ.

ಮನೆಯನ್ನು ಅವರು ದೋಣಿಯ ಹಾಗೆಯೇ ಇಟ್ಟುಕೊಂಡಿದ್ದರು. ಕಪ್ಪುಗಳು ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ಕಪಾಟುಗಳಿಗೆಲ್ಲ ಒತ್ತಿ ತೆರೆಯುವ ಚಿಲಕ. ಬಟ್ಟಲು ಜಾರದಂತೆ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಡಿಸುತ್ತಿದ್ದರು. ಬಾಣಲೆಯ ಹಿಡಿ ಯಾವತ್ತೂ ಒಳಮುಖ. ಸ್ನಾನಕ್ಕೆ ಒಂದು ಚೊಂಬು ನೀರು ಹೆಚ್ಚಾಯಿತು ಎನ್ನುವ ಪೈಕಿ. ಮೇ ತಿಂಗಳಲ್ಲಿ ನಮ್ಮ ಕಟ್ಟಡದಲ್ಲಿ ನೀರಿಗಾಗಿ ಮಹಾಯುದ್ಧ ನಡೆಯುವಾಗ ಮೂರನೇ ಮಾಳಿಗೆ ಮಾತ್ರ ಶಾಂತವಾಗಿರುತ್ತಿತ್ತು. ಅಸೋಸಿಯೇಷನ್ ಮೀಟಿಂಗಿನಲ್ಲಿ ಬಾಯಮ್ಮ ಎದ್ದು ನಿಂತು ಹೇಗೆ ಸ್ನಾನ ಮಾಡಬೇಕೆಂದು ಎಲ್ಲರಿಗೂ ವಿವರಿಸಿದರು. ಗಂಡಸರು ಕೂತಲ್ಲೇ ನೆಲ ನೋಡಿದರು.

ಅವರ ಎಲ್ಲ ವಿದ್ಯೆಯೂ ಇಲ್ಲಿ ನಡೆಯುತ್ತಿತ್ತು ಎಂದಲ್ಲ. ಹವಾಮಾನದ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ದಿವ್ಯಜ್ಞಾನಿಗಳ ಹಾಗೆ ಮಾತಾಡುತ್ತಿದ್ದರು, ಎರಡು ಸಲಕ್ಕೆ ಒಂದು ಸಲ ತಪ್ಪುತ್ತಿದ್ದರು. ಟೆರೇಸಿನಲ್ಲಿ ನಾನು ಹಲಸಿನ ಹಪ್ಪಳ ಒಣಗಿಸಿದ್ದಾಗ ಬಾಯಮ್ಮ ಮೂಗನ್ನು ಗಾಳಿಗೆ ಹಿಡಿದು, ಇವತ್ತು ಮಳೆ ಇಲ್ಲ, ಆರಾಮವಾಗಿ ಶಾಲೆಗೆ ಹೋಗಿ ಎಂದರು. ನಾನು ಹೋದೆ. ಮಧ್ಯಾಹ್ನ ಹಪ್ಪಳವೆಲ್ಲ ಗಂಜಿಯಾಯಿತು. ಕೆರಿಬಿಯನ್ನಿನಲ್ಲಿ ಗಾಳಿ ಹೆಚ್ಚು ಕಡಿಮೆ ಒಂದೇ ದಿಕ್ಕಿನಿಂದ ಬರುತ್ತದಂತೆ, ನಿಮ್ಮ ಅರಬ್ಬಿ ಸಮುದ್ರಕ್ಕೆ ಶಿಸ್ತು ಇಲ್ಲ ಎಂದು ನನ್ನ ಮೇಲೆಯೇ ರೇಗಿದರು. ಅದು ನನ್ನ ಸಮುದ್ರವೇನೋ ಎಂಬಂತೆ.

ಇನ್ನೊಂದು ಸಂಗತಿ ತಿಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅಷ್ಟು ವರ್ಷ ನೀರಿನ ಮೇಲಿದ್ದ ಬಾಯಮ್ಮನಿಗೆ ಈಜು ಬರುತ್ತಿರಲಿಲ್ಲ. ಗೆಸ್ಟುಗಳು ನೀಲಿ ನೀರಿಗೆ ಧುಮುಕಿ ಆಮೆಗಳನ್ನು ನೋಡಿ ಬರುತ್ತಿದ್ದರೆ ಇವರು ಟವೆಲ್ಲು ಹಿಡಿದು ನಿಲ್ಲುತ್ತಿದ್ದರು. ನೀವೂ ಬನ್ನಿ ಎಂದರೆ, ಈಗಷ್ಟೇ ಇಳಿದು ಬಂದೆ ಎನ್ನುತ್ತಿದ್ದರು. ಈಜು ಬಾರದವಳ ದೋಣಿಯಲ್ಲಿ ಗೆಸ್ಟುಗಳಿಗೆ ಧೈರ್ಯ ಬರುವುದು ಹೇಗೆ ಎಂಬುದು ಅವರ ವಾದ.

ಹಾಯಿದೋಣಿಯಲ್ಲಿ ಗಂಡ ಹೆಂಡತಿ ಜಗಳ ಆಡುವುದು ಹೇಗೆ ಎಂದು ನಾನೇ ಕೇಳಿದ್ದೆ. ಒಂದು ಮಾತು ಆಡಿದರೆ ಎಂಟು ಜನ ಗೆಸ್ಟುಗಳಿಗೂ ಕೇಳುವಷ್ಟೇ ಜಾಗ. ಅದಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಮುಖದಲ್ಲಿ ನಗು, ದನಿಯಲ್ಲಿ ಸಕ್ಕರೆ, ಮಾತು ಮಾತ್ರ ಕೊಂಕಣಿಯ ಅಪ್ಪಟ ಬೈಗುಳ. ಲಿಂಬೆ ಹಿಂಡುತ್ತ ಹಿಂಡುತ್ತ ಗಂಡನ ವಂಶವನ್ನೆಲ್ಲ ಜಾಲಾಡುತ್ತಿದ್ದರಂತೆ. ಎಷ್ಟು ಅನ್ಯೋನ್ಯ ದಂಪತಿ ಎಂದು ಗೆಸ್ಟುಗಳು ಮೆಚ್ಚುತ್ತಿದ್ದರಂತೆ. ಒಂದು ವಾರ ಕೆನಡಾದಿಂದ ಬಂದ ವಯಸ್ಸಾದ ಜೋಡಿಯೊಂದು ಏಳು ದಿನವೂ ಮುಗುಳ್ನಗುತ್ತ ಕೂತಿತ್ತು. ಕೊನೆಯ ದಿನ ಇಳಿಯುವಾಗ ಆ ಮುದುಕಿ ಬಾಯಮ್ಮನ ಎರಡೂ ಕೈ ಹಿಡಿದು "ದೇವ್ ಬರೆಂ ಕರುಂ" ಎಂದು ಕೊಂಕಣಿಯಲ್ಲೇ ದೇವರು ಒಳ್ಳೆಯದು ಮಾಡಲಿ ಎಂದು ಹರಸಿದಳು. ಗೋವಾ ಕಡೆಯಿಂದ ವಲಸೆ ಹೋದವರು. ಒಂದು ಶಬ್ದ ಬಿಡದೆ ಕೇಳಿಸಿಕೊಂಡಿದ್ದಾರೆ. ಆ ದಿನ ಕ್ಯಾಪ್ಟನ್ ಮುಖ ನೋಡಬೇಕಿತ್ತು ಎಂದು ಬಾಯಮ್ಮ ಕಣ್ಣೀರು ಬರುವಷ್ಟು ನಗುತ್ತಿದ್ದರು.

ಈಗ ಪೋಡಿಯ, ಅಂದರೆ ನಮ್ಮ ಕಡೆಯ ಬಜ್ಜಿಯ, ವಿಷಯ. ನಮ್ಮ ಮಂಗಳೂರಿನ ನೇಂದ್ರ ಬಾಳೆಹಣ್ಣಿನಂಥದ್ದು ಅಲ್ಲಿಯೂ ಸಿಗುತ್ತದಂತೆ. ಟ್ರಿನಿಡಾಡಿನ ಭಾರತೀಯ ಮೂಲದವರ ಅಂಗಡಿಯಿಂದ ಕಡಲೆಹಿಟ್ಟು ತಂದು ಬಾಯಮ್ಮ ದೋಣಿಯಲ್ಲಿ ಬಾಳೆಹಣ್ಣು ಪೋಡಿ ಕರಿಯುತ್ತಿದ್ದರು. ಆದರೆ ದಿನಾ ಅಲ್ಲ. ದೋಣಿಯಲ್ಲಿ ಏನಾದರೂ ಕೆಟ್ಟಾಗ ಮಾತ್ರ.

ದೋಣಿ ಎಂದ ಮೇಲೆ ಏನಾದರೊಂದು ಕೆಡುತ್ತಲೇ ಇರುತ್ತದೆ. ಲಂಗರು ಜಾರುತ್ತದೆ, ಎಂಜಿನ್ನಿನಿಂದ ಹೊಗೆ ಬರುತ್ತದೆ, ಹಗ್ಗ ಸಿಕ್ಕಿಕೊಳ್ಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಕಕ್ಕಸು ಕಟ್ಟಿಕೊಳ್ಳುತ್ತದೆ. ಗೆಸ್ಟುಗಳಿಗೆ ಅದು ತಿಳಿಯಬಾರದು. ತಿಳಿದರೆ ಭಯ ಬೀಳುತ್ತಾರೆ, ಇಲ್ಲವೇ ಸಹಾಯ ಮಾಡಲು ಬರುತ್ತಾರೆ, ಎರಡನೆಯದು ಇನ್ನೂ ಅಪಾಯ. ಅದಕ್ಕೆ ಬಾಯಮ್ಮ ತಟ್ಟೆ ತುಂಬ ಬಿಸಿ ಪೋಡಿ ಹಿಡಿದುಕೊಂಡು ದೋಣಿಯ ಹಿಂದಿನ ಕಟ್ಟೆಗೆ ಹೋಗಿ ಎಲ್ಲರನ್ನೂ ಕರೆದು ಕೂರಿಸಿ ಕಥೆ ಶುರು ಮಾಡುತ್ತಿದ್ದರು. ಪೋಡಿಯ ವಾಸನೆ ಬಂದ ಕೂಡಲೇ ಕ್ಯಾಪ್ಟನ್‌ಗೆ ಗೊತ್ತಾಗುತ್ತಿತ್ತು, ಎಲ್ಲರೂ ಹಿಂದೆ ಇದ್ದಾರೆ, ಮುಂದೆ ಹೋಗಿ ರಿಪೇರಿ ಮಾಡಬಹುದು. ಅವರು ಸರಿ ಮಾಡಿ ಕೈ ತೊಳೆದು ಬಂದು ಕೊನೆಯ ಪೋಡಿ ತಿನ್ನುವವರೆಗೆ ಬಾಯಮ್ಮನ ಕಥೆ ಮುಗಿಯುತ್ತಿರಲಿಲ್ಲ. ಆ ಪೋಡಿಯನ್ನು ಹೊಗಳಿ ಗೆಸ್ಟುಗಳು ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದರಂತೆ. ತಾವು ಪೋಡಿ ತಿನ್ನುವಾಗ ದೋಣಿ ಮೆಲ್ಲಗೆ ಬಂಡೆಯ ಕಡೆ ಹೋಗುತ್ತಿತ್ತು ಎಂಬುದು ಪಾಪ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಈ ಕಥೆಯನ್ನು ಬಾಯಮ್ಮ ನನಗೆ ಹೇಳಿದ್ದು ಅವರು ಬಂದ ಮೊದಲ ವರ್ಷ. ಕೇಳಿ ನಕ್ಕು ಮರೆತಿದ್ದೆ.

ಕ್ಯಾಪ್ಟನ್ ಮಿತಭಾಷಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಬಾಲ್ಕನಿಯಲ್ಲಿ ನೇರವಾಗಿ ಕೂರುತ್ತಿದ್ದರು. ಕಟ್ಟಡದವರೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆದು ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರು. ಒಂದು ದಿನ ಅವರು ಟೆರೇಸಿಗೆ ಹೋಗಿ ಎಲ್ಲ ಮನೆಗಳ ಬಟ್ಟೆಯನ್ನೂ ತೆಗೆದು, ಅಂಗಡಿಯವರು ಮಡಚಿದ ಹಾಗೆ ಮಡಚಿ, ಅವರವರ ಬಾಗಿಲಿಗೆ ಇಟ್ಟು ಬಂದರು. ಗಾಳಿ ಜೋರಾಗುತ್ತದೆ ಎಂದರು. ಹೊರಗೆ ಎಲೆ ಅಲ್ಲಾಡುತ್ತಿರಲಿಲ್ಲ. ಎಂಥ ಪರೋಪಕಾರಿ ಎಂದು ನಾವೆಲ್ಲ ಹೊಗಳಿದೆವು. ಮರುವಾರ ಮತ್ತೆ ಹಾಗೆಯೇ ಮಾಡಿದರು. ಬಟ್ಟೆ ಇನ್ನೂ ಒದ್ದೆಯಾಗಿತ್ತು ಎಂದು ಎದುರು ಮನೆಯವರು ಗೊಣಗಿದ್ದು ಬಿಟ್ಟರೆ ಯಾರಿಗೂ ಏನೂ ಅನ್ನಿಸಲಿಲ್ಲ.

ಆ ದಿನಗಳಲ್ಲೇ ಬಾಯಮ್ಮ ನಮ್ಮ ಮನೆಗೆ ಪೋಡಿ ತರಲು ಶುರು ಮಾಡಿದ್ದು. ತಟ್ಟೆ ಹಿಡಿದು ನೇರ ನಮ್ಮ ಅಡುಗೆಮನೆಗೆ ಬಂದು, ಬಾಗಿಲು ಮುಚ್ಚಿ, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಗ್ರೆನಡಾ ದ್ವೀಪದ ಕಥೆ ಹೇಳುತ್ತಿದ್ದರು. ಮೇಲೆ ಏನೋ ಎಳೆದ ಸದ್ದು, ಬಿದ್ದ ಸದ್ದು ಕೇಳುತ್ತಿತ್ತು. ಕ್ಯಾಪ್ಟನ್ ಕಪಾಟು ಸರಿಸುತ್ತಿದ್ದಾರೆ ಎನ್ನುತ್ತಿದ್ದರು. ನಮ್ಮ ಮನೆಯವರಿಗೆ ಪೋಡಿ ಎಂದರೆ ಪ್ರಾಣ. ಇಂಥ ನೆರೆಯವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವರು ತಿಂದದ್ದೇ ತಿಂದದ್ದು.

ನನಗೆ ತಿಳಿದದ್ದು ಒಂದು ಭಾನುವಾರ. ಕ್ಯಾಪ್ಟನ್ ಅವರ ಅಣ್ಣನ ಮಗನೊಬ್ಬನಿದ್ದಾನೆ, ನಗರದಲ್ಲೇ ವ್ಯಾಪಾರ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೆಂಡತಿಯೊಡನೆ ಚಿಕ್ಕಪ್ಪನನ್ನು ನೋಡಲು ಬರುತ್ತಿದ್ದ. ಆ ದಿನ ಪೋಡಿಯ ತಟ್ಟೆ ಹಿಂದಿರುಗಿಸಲು ನಾನು ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಹಿಂದಿನ ಬಾಲ್ಕನಿಯಿಂದ ಬಾಯಮ್ಮನ ನಗು, ಪೋಡಿಯ ವಾಸನೆ. ಮುಂದಿನ ಕೋಣೆಯಲ್ಲಿ ಕ್ಯಾಪ್ಟನ್ ಬನಿಯನ್ನಿನಲ್ಲಿ ನಿಂತಿದ್ದರು. ಕಿಟಕಿಯ ಪರದೆಗಳನ್ನೆಲ್ಲ ಕೆಳಗೆ ಎಳೆದು ಹಾಕಿ, ಒಂದನ್ನು ಸರಳಿಗೆ ಸುತ್ತಲು ಒದ್ದಾಡುತ್ತಿದ್ದರು. ಮೈಯೆಲ್ಲ ಬೆವರು. ನನ್ನನ್ನು ನೋಡಿ, ಈ ತುದಿ ಹಿಡಿ, ಗಾಳಿ ಬರುವುದರೊಳಗೆ ಹಾಯಿ ಸಣ್ಣದು ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ತುದಿ ಹಿಡಿದೆ. ಇಬ್ಬರೂ ಸೇರಿ ಪರದೆ ಮಡಚಿದೆವು. ಅವರು ಅದಕ್ಕೆ ಹಾಕಿದ ಗಂಟು ಎಷ್ಟು ಚೆಂದವಿತ್ತೆಂದರೆ ನನಗೆ ಅಳು ಬಂತು.

ಹಿಂದಿನ ಬಾಲ್ಕನಿಗೆ ಹೋದೆ. ಅಣ್ಣನ ಮಗ, ಅವನ ಹೆಂಡತಿ ಆರಾಮವಾಗಿ ತಿನ್ನುತ್ತ ಕೂತಿದ್ದರು, ಚಿಕ್ಕಪ್ಪ ಸ್ನಾನಕ್ಕೆ ಹೋಗಿದ್ದಾರಂತೆ. ಬಾಯಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ತಟ್ಟೆಯಿಂದ ಒಂದು ಪೋಡಿ ತೆಗೆದು ನನ್ನ ಕೈಯಲ್ಲಿಟ್ಟರು.

"ಬಿಸಿ ಉಂಟು ಟೀಚರ್, ತಿನ್ನಿ."

ನಾನು ಕೂತೆ. ತಿಂದೆ. ಗ್ರೆನಡಾದ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮರುದಿನ ಟೆರೇಸಿನಲ್ಲಿ ಬಟ್ಟೆ ಹರಡುತ್ತ ಅವರಾಗಿಯೇ ಮಾತೆತ್ತಿದರು. ಡಾಕ್ಟರಿಗೆ ತೋರಿಸಿ ಆಗಿತ್ತು, ಮರೆವಿನ ಕಾಯಿಲೆ, ಕಡಿಮೆಯಾಗುವಂಥದ್ದಲ್ಲ. ಕೆಲವು ದಿನ ಪೂರ್ತಿ ಸರಿಯಿರುತ್ತಾರೆ, ಕೆಲವು ದಿನ ಪೂರ್ತಿ ದೋಣಿಯಲ್ಲಿರುತ್ತಾರೆ. ಅಣ್ಣನ ಮಗನಿಗೆ ಸ್ವಲ್ಪ ಸಂಶಯ ಬಂದಿದೆ. ವಯಸ್ಸಾದವರನ್ನು ನೋಡಿಕೊಳ್ಳುವ ಸಿಸ್ಟರುಗಳ ಒಂದು ಆಶ್ರಮವನ್ನು ಅವನು ವಿಚಾರಿಸಿಟ್ಟಿದ್ದಾನೆ. ಚಿಕ್ಕಪ್ಪನ ಸ್ಥಿತಿ ನೋಡಿದರೆ ಮಾರನೆಯ ದಿನವೇ ಕರೆದುಕೊಂಡು ಹೋಗುತ್ತಾನೆ. ಅವನು ಕೆಟ್ಟವನಲ್ಲ ಎಂದು ಬಾಯಮ್ಮನೇ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಚಿಕ್ಕಮ್ಮನ ಎದೆ ಮೊದಲೇ ಸರಿ ಇಲ್ಲ, ಈ ವಯಸ್ಸಿನಲ್ಲಿ ಒಬ್ಬಳೇ ಎಷ್ಟು ಮಾಡಿಯಾಳು ಎಂಬ ಕಳಕಳಿ ಅವನದ್ದು. ಅದು ಸುಳ್ಳೂ ಅಲ್ಲ.

ಅವನಿಗೆ ನಿಜ ಹೇಳಿ ಬಿಡಬಾರದೇ, ಸಹಾಯವಾದರೂ ಮಾಡಿಯಾನು ಎಂದೆ.

ಬಾಯಮ್ಮ ಬಟ್ಟೆಯ ಕ್ಲಿಪ್ಪನ್ನು ಬಾಯಿಯಿಂದ ತೆಗೆದರು. "ಅವರಿಗೆ ಜನರಿಂದ ಅಯ್ಯೋ ಪಾಪ ಅನ್ನಿಸಿಕೊಳ್ಲಿಕ್ಕೆ ಗೊತ್ತಿಲ್ಲ ಟೀಚರ್. ಇಷ್ಟು ವರ್ಷ ನಾನು ಹಿಂದೆ ಗೆಸ್ಟುಗಳನ್ನು ಹಿಡ್ಕೊಂಡು ಕೂತೆ, ಅವರು ಮುಂದೆ ಸರಿ ಮಾಡಿದ್ರು. ಈಗ ಅವರಿಗೆ ಸರಿ ಮಾಡ್ಲಿಕ್ಕೆ ಆಗುವುದಿಲ್ಲ, ಅದು ನನಗೆ ಗೊತ್ತುಂಟು. ಹಾಗಂತ ನಾನು ಹಿಡ್ಕೊಳ್ಳುವುದು ಬಿಡ್ಲಿಕ್ಕೆ ಆಗ್ತದಾ?"

ಅವರ ಬಿಳಿ ಅಂಗಿಗಳನ್ನು ಹರಡಲು ಕೈ ಜೋಡಿಸಿದೆ. ಆ ದಿನದಿಂದ ನಾನೂ ಆ ದೋಣಿಯ ಕೆಲಸದವಳಾದೆ ಎಂದೇ ಹೇಳಬೇಕು. ಕ್ಯಾಪ್ಟನ್ ಗೇಟಿನ ಬಳಿ ನಿಂತು ಲಂಗರು ಹುಡುಕುತ್ತಿದ್ದರೆ, ನೋಡಿಯಾಯ್ತು ಕ್ಯಾಪ್ಟನ್, ಗಟ್ಟಿ ಉಂಟು ಎಂದು ಹೇಳಿ ಮೇಲೆ ಕರೆತರುತ್ತಿದ್ದೆ. ವಾಚ್‌ಮನ್ನಿಗೂ ಕಲಿಸಿಕೊಟ್ಟೆ. ಅವನು ನನಗಿಂತ ಚೆನ್ನಾಗಿ ಹೇಳುತ್ತಿದ್ದ.

ಬಾಯಮ್ಮನ ತಂಗಿಯೊಬ್ಬರು ಕುವೈತಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ವಾಮಂಜೂರಿನಲ್ಲಿ ಮನೆ ಮಾಡಿದ್ದರು, ಮದುವೆಯಾದವರಲ್ಲ. ಅವರಿಗೂ ಎಲ್ಲ ಗೊತ್ತಿತ್ತು. ನಾನು ಬಂದು ಜೊತೆಗಿರುತ್ತೇನೆ ಎಂದು ಅವರು ಅಂದರೆ, ಅಗತ್ಯ ಬಿದ್ದಾಗ ಕರೆಯುತ್ತೇನೆ ಎಂದು ಬಾಯಮ್ಮ ಮುಂದೂಡುತ್ತಿದ್ದರು. ಹಟ ಸ್ವಲ್ಪ ಜಾಸ್ತಿಯೇ ಇತ್ತು. ಅದನ್ನು ಅವರ ಎದುರೇ ಹೇಳಿದ್ದೇನೆ, ಅವರು ಅದನ್ನು ಹೊಗಳಿಕೆ ಎಂದು ತಿಳಿದರು.

ಹೋದ ಮಳೆಗಾಲ ಕಳೆಯುತ್ತ ಬಂದಾಗ ಒಂದು ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಬಾಯಮ್ಮ ಪೋಡಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಕೂದಲು ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ಸ್ವಲ್ಪ ಸಾಮಾನು ತರಲಿಕ್ಕುಂಟು, ಕ್ಯಾಪ್ಟನ್ ಕಡೆ ಒಮ್ಮೆ ನೋಡಿಕೊಳ್ಳಿ ಎಂದು ಬೀಗದ ಕೈ ಕೊಟ್ಟರು. ಪೋಡಿ ಕಂಡ ಕೂಡಲೇ ನನ್ನ ತಲೆ ಮೇಲಿನ ಮಾಳಿಗೆಗೆ ಓಡಿತು. ಇವತ್ತು ಕ್ಯಾಪ್ಟನ್ ಏನು ಮಾಡಿಕೊಂಡಿದ್ದಾರೋ ಎಂದುಕೊಂಡು, ಇವತ್ತು ಬರುವುದಿಲ್ಲ ಎಂದು ಶಾಲೆಗೆ ಫೋನ್ ಮಾಡಿ, ತಟ್ಟೆ ಅಲ್ಲೇ ಇಟ್ಟು ಮೇಲೆ ಹೋದೆ. ಕ್ಯಾಪ್ಟನ್ ಶಾಂತವಾಗಿ ಬಾಲ್ಕನಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ಪರದೆಗಳು ಸ್ವಸ್ಥಾನದಲ್ಲಿದ್ದವು. ಮನೆಯಲ್ಲಿ ಏನೂ ಕೆಟ್ಟಿರಲಿಲ್ಲ. ಗುಡ್ ಮಾರ್ನಿಂಗ್ ಟೀಚರ್ ಎಂದು ನನ್ನ ಗುರುತು ಹಿಡಿದು ಹೇಳಿದರು.

ಬಾಯಮ್ಮ ಗೇಟಿನಲ್ಲಿ ರಿಕ್ಷಾ ಹತ್ತಿ ನೇರ ಆಸ್ಪತ್ರೆಗೆ ಹೋಗಿದ್ದರು. ಎದೆನೋವು ಬೆಳಗಿನ ಜಾವದಿಂದಲೇ ಇತ್ತು ಎಂದು ಅಲ್ಲಿ ಡಾಕ್ಟರಿಗೆ ಹೇಳಿದರಂತೆ. ಆ ನೋವಿನಲ್ಲೇ ಹಣ್ಣು ಸಿಪ್ಪೆ ತೆಗೆದಿದ್ದಾರೆ, ಹಿಟ್ಟು ಕಲಸಿದ್ದಾರೆ, ಎಣ್ಣೆ ಕಾಯಿಸಿದ್ದಾರೆ. ಆಸ್ಪತ್ರೆಯಿಂದ ಫೋನ್ ಬಂದಾಗ ಕೆಳಗೆ ನಮ್ಮ ಮೇಜಿನ ಮೇಲೆ ಆ ತಟ್ಟೆ ಹಾಗೆಯೇ ಇತ್ತು. ಈ ಸಲ ಕೆಟ್ಟದ್ದು ಬೇರೆ ಎಂದು ನನಗೆ ತಿಳಿಯುವಾಗ ಮಧ್ಯಾಹ್ನವಾಗಿತ್ತು. ಆ ಪೋಡಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಕ್ಯಾಪ್ಟನ್‌ಗೆ ಬಾಯಮ್ಮ ಇನ್ನಿಲ್ಲ ಎಂದು ಹಲವು ಸಲ ಹೇಳಿದೆವು. ಪ್ರತಿ ಸಲವೂ ತಲೆಯಾಡಿಸಿದರು, ಓ ಹೌದಾ ಎಂದರು. ಇಗರ್ಜಿಯಲ್ಲಿ ನೆಟ್ಟಗೆ ನಿಂತರು. ಸಮಾಧಿಯ ಹತ್ತಿರ ಸಂತಾಪ ಹೇಳಲು ಬಂದವರಿಗೆಲ್ಲ ಕೈ ಕುಲುಕಿ, ಬಂದದ್ದಕ್ಕೆ ಸಂತೋಷ, ಮತ್ತೊಮ್ಮೆ ಬನ್ನಿ ಎಂದರು. ಗೆಸ್ಟುಗಳು ದೋಣಿಯಿಂದ ಇಳಿಯುವಾಗ ಅವರಿಗೆ ಹೇಳುವ ಮಾತು. ಗಾಬರಿಯಲ್ಲಿ ಹೀಗಾಡುತ್ತಾರೆ ಎಂದು ಜನ ಸಹಿಸಿಕೊಂಡರು. ಅಣ್ಣನ ಮಗ ಮಾತ್ರ ಎವೆಯಿಕ್ಕದೆ ಚಿಕ್ಕಪ್ಪನನ್ನೇ ನೋಡುತ್ತಿದ್ದ.

ಮಣ್ಣು ಮುಗಿಸಿ ಸಂಬಂಧಿಕರೆಲ್ಲ ಮನೆಗೆ ಬಂದರು. ಮುಂದೇನು ಎಂಬುದು ಆ ಸಂಜೆಯೇ ತೀರ್ಮಾನವಾಗಬೇಕಿತ್ತು. ತಾನು ಇಲ್ಲೇ ಇದ್ದು ಭಾವನನ್ನು ನೋಡಿಕೊಳ್ಳುತ್ತೇನೆ ಎಂದು ತಂಗಿ ಹೇಳಿದರು. ಇಬ್ಬರು ವಯಸ್ಸಾದವರು ಹೀಗೆ ಎಷ್ಟು ದಿನ ಎಂದು ಅಣ್ಣನ ಮಗ ಕೇಳಿದ. ಕೂತು ಮಾತಾಡೋಣ, ಚಿಕ್ಕಪ್ಪನನ್ನೂ ಕರೆಯಿರಿ ಎಂದ. ಚಿಕ್ಕಪ್ಪ ಮುಂದಿನ ಕೋಣೆಯಲ್ಲಿ ಅಂಗಿ ಬಿಚ್ಚಿ ಎಸೆದು, ಕೋಟು ಹಾಸಿಗೆಯ ಕೆಳಗೆ ತುರುಕಿ, ಮತ್ತೆ ಪರದೆಗಳಿಗೆ ಕೈ ಹಾಕಿದ್ದರು. ತಂಗಿ ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತು ಬೇಕು ಎಂದು ಆ ನೋಟದಲ್ಲೇ ಇತ್ತು.

ನಾನು ಕೆಳಗೆ ಓಡಿದೆ. ಮನೆಯಲ್ಲಿ ನೇಂದ್ರ ಹಣ್ಣಿತ್ತು. ಬಾಣಲೆ ಇಟ್ಟು ಎಣ್ಣೆ ಸುರಿದಾಗ ನಮ್ಮ ಮನೆಯವರು ಹೌಹಾರಿದರು. ಸಾವಿನ ಮನೆಗೆ ನೆರೆಯವರು ಗಂಜಿ ಕೊಡುತ್ತಾರೆ, ಚಾ ಕೊಡುತ್ತಾರೆ, ಕರಿದದ್ದನ್ನು ಕೊಡುತ್ತಾರಾ, ನಮ್ಮಲ್ಲಿ ಒಗ್ಗರಣೆ ಕೂಡ ಹಾಕುವುದಿಲ್ಲ, ನಿನಗೆ ತಲೆ ಸರಿ ಉಂಟಾ ಎಂದರು. ಹಿಟ್ಟು ಕಲಸಿಕೊಡಿ ಎಂದೆ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನ ಮುಖ ನೋಡಿ ಅವರಿಗೆ ಏನೋ ಅರ್ಥವಾಯಿತು. ಹಿಟ್ಟು ಕಲಸಿಕೊಟ್ಟರು.

ದೊಡ್ಡ ತಟ್ಟೆ ತುಂಬ ಪೋಡಿ ಹಿಡಿದು ಮೂರನೇ ಮಾಳಿಗೆಗೆ ಹೋಗಿ, ಬುಟ್ಟಿಗೆ ಚಪ್ಪಲಿ ಹಾಕಿ, ಎಲ್ಲರೂ ಹಿಂದಿನ ಬಾಲ್ಕನಿಗೆ ಬನ್ನಿ ಎಂದು ಕರೆದೆ. ಒಬ್ಬ ಹಿರಿಯ ಹೆಂಗಸು ತಟ್ಟೆಯನ್ನೂ ನನ್ನನ್ನೂ ಮೇಲಿನಿಂದ ಕೆಳಗೆ ನೋಡಿದರು. ಬಾಯಮ್ಮನಿಗೆ ತುಂಬ ಇಷ್ಟದ್ದು, ಅವರ ಹೆಸರಿನಲ್ಲಿ ಒಂದೊಂದು ತಿನ್ನಬೇಕು ಎಂದೆ. ಹಾಗೆಂದ ಮೇಲೆ ಯಾರು ಬೇಡ ಎನ್ನುತ್ತಾರೆ. ಎಲ್ಲರೂ ಹಿಂದೆ ಬಂದು ಕೂತರು. ಕೆನಡಾದ ಮುದುಕಿಯ ಕಥೆ ಹೇಳಿದೆ. ಅಣ್ಣನ ಮಗನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಕಥೆಯನ್ನು ನನ್ನ ಜೊತೆ ಬಂದಿದ್ದ ನಮ್ಮ ಮನೆಯವರ ಕೈಗೆ ಒಪ್ಪಿಸಿ, ಎರಡು ಪೋಡಿಯನ್ನು ಚಿಕ್ಕ ಬಟ್ಟಲಲ್ಲಿ ಹಾಕಿಕೊಂಡು ಮುಂದಿನ ಕೋಣೆಗೆ ಹೋದೆ.

ತಂಗಿ ಅಷ್ಟರಲ್ಲಿ ಕ್ಯಾಪ್ಟನ್‌ಗೆ ಮುಖ ತೊಳೆಸಿ ಬಿಳಿ ಅಂಗಿ ಹಾಕಿಸಿದ್ದರು. ಗುಂಡಿ ಹಾಕುವುದು ಬಾಕಿ ಇತ್ತು. ಕ್ಯಾಪ್ಟನ್ ಬಟ್ಟಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಕಣ್ಣು ಒಮ್ಮೆಗೇ ಸ್ವಚ್ಛವಾಯಿತು.

"ಪೋಡಿ ಯಾಕೆ ಟೀಚರ್? ಎಂತ ಹಾಳಾಯ್ತು?"

ನಾನು ಬಟ್ಟಲನ್ನು ಮೇಜಿನ ಮೇಲಿಟ್ಟೆ. ತಂಗಿ ಗುಂಡಿಯ ಮೇಲೆ ಕೈಯಿಟ್ಟು ಹಾಗೆಯೇ ನಿಂತರು.

"ಗೆಸ್ಟುಗಳು ಹಿಂದೆ ಇದ್ದಾರಾ?"

ಇದ್ದಾರೆ ಕ್ಯಾಪ್ಟನ್ ಎಂದೆ.

ಅವರು ಎದ್ದು, ನಮ್ಮಿಬ್ಬರನ್ನು ದಾಟಿ, ಅಡುಗೆಮನೆಗೆ ಹೋದರು. ಒಲೆಯನ್ನು ನೋಡಿದರು. ಕೊಕ್ಕೆಯಲ್ಲಿ ನೇತಾಡುವ ಕಪ್ಪುಗಳನ್ನು ಒಂದೊಂದಾಗಿ ಮುಟ್ಟಿದರು. ಬಾಗಿಲ ಹಿಂದೆ ಬಾಯಮ್ಮನ ಏಪ್ರನ್ ಇತ್ತು, ಅದನ್ನು ಹಿಡಿದುಕೊಂಡು ತುಂಬ ಹೊತ್ತು ನಿಂತರು. ಆ ಒಂದು ದಿನದಲ್ಲಿ ಎಷ್ಟೋ ಜನ ಎಷ್ಟೋ ಸಲ ಹೇಳಿದ್ದು ಅವರಿಗೆ ಮುಟ್ಟಿರಲಿಲ್ಲ. ಈಗ ಮುಟ್ಟಿತು.

"ಇದು ನನ್ನಿಂದ ಸರಿ ಮಾಡ್ಲಿಕ್ಕೆ ಆಗುವುದಿಲ್ಲ, ಟೀಚರ್" ಎಂದರು.

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ. ಏಪ್ರನ್ನನ್ನು ಅದರ ಕೊಕ್ಕೆಗೇ ಹಾಕಿದರು. ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡರು, ನಲ್ಲಿ ತಿರುಗಿಸಿ ಬೆರಳು ತೋಯುವಷ್ಟೇ ನೀರಲ್ಲಿ ಕೈ ತೊಳೆದರು. ಅವರ ಮುಖದಲ್ಲಿ ಬಾಯಮ್ಮನ ನಗು ಬಂತು, ಅದೇ ಹಳೆಯ ಕೆಲಸದ ನಗು. ನೆಟ್ಟಗೆ ನಡೆದು ಹಿಂದಿನ ಬಾಲ್ಕನಿಗೆ ಹೋದರು. ಅವರನ್ನು ಕಂಡು ಅಣ್ಣನ ಮಗ ತನಗೆ ಗೊತ್ತಿಲ್ಲದೆಯೇ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ. ಆಶ್ರಮದ ಮಾತು ಆ ದಿನ ಬರಲಿಲ್ಲ, ತಂಗಿ ಈಗಲೂ ಆ ಮನೆಯಲ್ಲೇ ಇದ್ದಾರೆ. ಆದರೆ ಆ ಸಂಜೆ ಕ್ಯಾಪ್ಟನ್ ಕುರ್ಚಿಯಲ್ಲಿ ಕೂರಲಿಲ್ಲ. ತಟ್ಟೆ ಎತ್ತಿಕೊಂಡು ಒಬ್ಬೊಬ್ಬರ ಮುಂದೆಯೂ ಬಾಗಿದರು.

"ಬಿಸಿ ಉಂಟು" ಎಂದರು. "ತಿನ್ನಿ."